ಬಲ ಅಂಚಿನ ಇನ್ನೊಬ್ಬ

ಬ್ರಿಗ್‌ರಾಯ್ಡ್, ಯಾರ್ಕ್‌ಷೈರ್
೨೦ ಅಕ್ಟೋಬರ್ ೧೯೫೭, ಭಾನುವಾರ

ಅಪ್ಪಾ,

ಭಾನುವಾರ ಬೆಳಿಗ್ಗೆ ಕಾಗದ ಬರೆಯುತ್ತಾ ಕೂತವನು ಚಾಪೆಲ್ ಪ್ರಾರ್ಥನೆಗೆ ಹೋಗಿಲ್ಲ ಎಂಬುದು ನಿಮಗೆ ತಾರೀಕು ನೋಡಿದ ಕೂಡಲೇ ಹೊಳೆಯುತ್ತದೆ. ಹೋಗಿಲ್ಲ. ಸ್ವಾನ್ಸೀಯ ಚಿಕ್ಕಪ್ಪನ ಮನೆಗೆ ಹೋಗುತ್ತೇನೆ ಎಂದು ಹೇಳಿ ಹೊರಟೆನಲ್ಲ, ಅದೂ ಸುಳ್ಳು. ರೈಲು ಹತ್ತಿ ಉತ್ತರಕ್ಕೆ ಬಂದೆ. ನಿನ್ನೆ ಇಲ್ಲಿ ನಮ್ಮ ಹದಿನೈದು ಜನರ ರಗ್ಬಿ ಬಿಟ್ಟು ಹದಿಮೂರು ಜನರ ಆಟ ಆಡಿದೆ. ಸಂಜೆ ಸಹಿ ಹಾಕಿದೆ. ಇನ್ನು ಮೇಲೆ ನಾನು ದುಡ್ಡಿಗೆ ಆಡುವವನು, ಲೀಗಿನವನು.

ಇಷ್ಟು ಬರೆಯುವುದರೊಳಗೆ ಮನೆಯೊಡತಿ ಸಗ್ಡನ್ನಮ್ಮ ಎರಡು ಸಲ ಚಹಾ ತಂದಿಟ್ಟರು. ಎರಡೂ ಆರಿಹೋದವು.

ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಯಾಕೆಂದರೆ ನನಗೇ ಸರಿಯಾಗಿ ಅರ್ಥವಾಗಿಲ್ಲ. ಇಲ್ಲಿ ಪರೀಕ್ಷೆಗೆ ಬಂದವನ ಹೆಸರನ್ನು ಪಟ್ಟಿಯಲ್ಲಿ ಹಾಕುವುದಿಲ್ಲ. ಹಾಕಿದರೆ, ಆಯ್ಕೆಯಾಗದೆ ವಾಪಸ್ಸು ಹೋದವನ ಗತಿ ಏನಾಗುತ್ತದೆ ಎಂದು ನಿಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ದುಡ್ಡಿಗೆ ಆಡುವುದೇ ಪಾಪವೆನ್ನುವ ಊರಿನ ಯೂನಿಯನ್ ಕ್ಲಬ್ಬು ಜೀವಮಾನವಿಡೀ ಒಳಗೆ ಬಿಡುವುದಿಲ್ಲ. ಅದಕ್ಕೇ ಹೆಸರಿನ ಜಾಗದಲ್ಲಿ ಬರೀ 'ಇನ್ನೊಬ್ಬ' ಎಂದು ಬರೆಯುತ್ತಾರೆ. ನಿನ್ನೆ ಹಾಗೆ ಇಬ್ಬರಿದ್ದೆವು. ಬಲ ಅಂಚಿನಲ್ಲಿ ನಾನು, ಎಡ ಅಂಚಿನಲ್ಲಿ ಅವನು. ಅವನೂ ನಮ್ಮ ವೇಲ್ಸ್ ಕಡೆಯವನೇ. ಬೂಟಿನ ದಾರ ಕಿತ್ತುಬಂದಾಗ ವೆಲ್ಷಿನಲ್ಲಿ ಬೈದ. ಹೆಚ್ಚುಕಮ್ಮಿ ನನ್ನದೇ ಎತ್ತರ, ನನ್ನದೇ ಕಪ್ಪು ಕೂದಲು. ನಾನು ಹೆಸರು ಕೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳದಿರುವುದೇ ಇಲ್ಲಿಯ ಮರ್ಯಾದೆ.

ಮೊದಲ ಅರ್ಧದಲ್ಲಿ ನಾನು ಚೆಂಡು ಕೈಬಿಟ್ಟೆ, ಎರಡು ಸಲ. ಅರ್ಧ ಆಟ ಮುಗಿದಾಗ ತರಬೇತುದಾರ ಕ್ಲೆಗ್ ಬಂದು, "ಲೋ, ನೀವಿಬ್ರೂ ಜಾಗ ಬದಲಾಯಿಸ್ಕೊಳ್ರೋ. ಇವನಿಗೆ ಈ ಕಡೆ ಗಾಳಿ ಆಗ್ತಿಲ್ಲ," ಅಂದ. ಬದಲಾಯಿಸಿಕೊಂಡೆವು. ಆಮೇಲೆ ಮಂಜು ಇಳಿಯಿತು. ಆ ಹುಡುಗ ಒಂದು ಸಲ ಚೆಂಡು ಹಿಡಿದು ಸುಮ್ಮನೆ ನಿಂತುಬಿಟ್ಟದ್ದು ಮಸುಕಾಗಿ ಕಂಡಿತು, ನಂತರ ಜನ ಕೂಗಿದ್ದು ಕೇಳಿಸಿತು. ಅಷ್ಟೇ.

ಆದರೂ ಕರೆದದ್ದು ನನ್ನನ್ನು. ನನ್ನನ್ನು ಊರಿನಿಂದ ಕರೆತಂದ ಮನುಷ್ಯ ಸ್ನಾನದ ಕೋಣೆಗೇ ಬಂದು, "ಬಲ ಅಂಚಲ್ಲಿ ಆಡ್ದೋನು ನೀನೇ ತಾನೆ? ಅಧ್ಯಕ್ಷರು ನಿನ್ ಮೇಲೆ ಮನಸ್ಸಿಟ್ಟುಬಿಟ್ಟಿದ್ದಾರೆ," ಅಂದ. ನಾನು ಹೌದು ಅಂದೆ. ಮೈಮೇಲೆ ಸೋಪು ಹಾಗೇ ಇತ್ತು. ಅವನು, ಆ ಇನ್ನೊಬ್ಬ, ಒದ್ದೆ ಕೂದಲಲ್ಲೇ ಚೀಲ ಎತ್ತಿಕೊಂಡು ರೈಲಿಗೆ ಹೊರಟುಹೋದ.

ಅಮ್ಮನಿಗೆ ನೀವೇ ಹೇಳಿ. ನನ್ನ ಮೇಲೆ ಕೋಪವಿದ್ದರೆ ಅದನ್ನೂ ಬರೆಯಿರಿ, ಸುಮ್ಮನಿರಬೇಡಿ.

ನಿಮ್ಮ
ಇದ್ವಲ್


ಪೆಂಟ್ರೆವೆನ್ ರಗ್ಬಿ ಯೂನಿಯನ್ ಕ್ಲಬ್
೪ ನವೆಂಬರ್ ೧೯೫೭

ಶ್ರೀ ಇದ್ವಲ್ ಹ್ಯಾರಿಸ್ ಅವರಿಗೆ,

ತಾವು ಲೀಗ್ ಆಟಕ್ಕೆ ಸಹಿ ಮಾಡಿರುವ ವಿಷಯ ಸಮಿತಿಯ ಗಮನಕ್ಕೆ ಬಂದಿರುತ್ತದೆ. ಆದ ಕಾರಣ ಇಂದಿನಿಂದ ತಾವು ಈ ಕ್ಲಬ್ಬಿನ ಪರವಾಗಿ ಆಡುವುದಾಗಲಿ, ಕ್ಲಬ್ಬಿನ ಕಟ್ಟಡ ಮತ್ತು ಮೈದಾನದೊಳಗೆ ಬರುವುದಾಗಲಿ ಮಾಡತಕ್ಕದ್ದಲ್ಲ ಎಂದು ಈ ಮೂಲಕ ತಿಳಿಸಲಾಗಿದೆ.

ಇಂತಿ ತಮ್ಮ ವಿಶ್ವಾಸಿ,
ಗೊರೊನ್ವಿ ಹ್ಯಾರಿಸ್
ಕಾರ್ಯದರ್ಶಿ


ಮನೆಯಿಂದ
೪ ನವೆಂಬರ್, ಅದೇ ದಿನ

ಮಗಾ,

ಇನ್ನೊಂದು ಲಕೋಟೆ ಮೊದಲು ಒಡೆದಿದ್ದರೆ ಅದನ್ನು ಬದಿಗಿಡು. ಅದು ಕಾರ್ಯದರ್ಶಿ ಬರೆದದ್ದು. ಅಡುಗೆಮನೆಯ ಮೇಜಿನ ಮೇಲೆ ಬರೆದೆ. ಬರೆದು ಮುಗಿಸುವ ತನಕ ನಿಮ್ಮಮ್ಮ ನನಗೆ ಚಹಾ ಕೊಡಲಿಲ್ಲ. "ಇಪ್ಪತ್ಮೂರು ವರ್ಷ ಸಾಕಿದ ಮಗನಿಗೆ 'ತಾವು' ಅಂತ ಬರೀತೀರಲ್ಲ, ನಿಮ್ ಕೈ ಸೇದಿಹೋಗ" ಅಂದಳು. ಸಮಿತಿಯಲ್ಲಿ ಬಹಿಷ್ಕಾರಕ್ಕೆ ಕೈ ಎತ್ತಿ ಅಂದಾಗ ಎಲ್ಲರೂ ಎತ್ತಿದರು. ನಾನೂ ಎತ್ತಿದೆ. ಎತ್ತದಿದ್ದರೆ ಮಗನ ಪಕ್ಷ ವಹಿಸಿದ ಅಂದಾರು. ಎತ್ತಿದ ಮೇಲೆ ಯಾರೂ ನನ್ನ ಮುಖ ನೋಡಲಿಲ್ಲ.

ಕೋಪವಿದೆಯೇ ಎಂದು ಕೇಳಿದ್ದೀಯ. ಇದೆ. ಆದರೆ ಯಾತಕ್ಕೆ ಎಂದು ಹುಡುಕಹೋದರೆ ಕೈಗೆ ಸಿಗುವುದಿಲ್ಲ. ದುಡ್ಡಿಗೆ ಆಡಿದ್ದಕ್ಕೋ? ತಗಡಿನ ಕಾರ್ಖಾನೆಯಲ್ಲಿ ನಾನೇನು ಪುಕ್ಕಟೆ ದುಡಿಯುತ್ತೇನೆಯೇ? ಹೇಳದೆ ಹೋದದ್ದಕ್ಕೆ ಇರಬೇಕು. ಹೇಳಿದ್ದರೆ ತಡೆಯುತ್ತಿದ್ದೆ, ಅದೂ ನಿಜ.

ಕ್ಲಬ್ಬಿಗೆ ಬರಬೇಡ. ಮನೆಗೆ ಬಾ. ಕ್ರಿಸ್‌ಮಸ್ಸಿಗೆ ನಿಮ್ಮಮ್ಮ ಬಾತುಕೋಳಿ ಹೇಳಿಟ್ಟಿದ್ದಾಳೆ.

ನಿನ್ನ ಅಪ್ಪ


ಬ್ರಿಗ್‌ರಾಯ್ಡ್
೧ ಡಿಸೆಂಬರ್ ೧೯೫೭

ಅಪ್ಪಾ,

ಎರಡು ಲಕೋಟೆಯೂ ಬಂದವು. ಯಾವುದನ್ನು ಮೊದಲು ಒಡೆದೆ ಎಂದು ಕೇಳಬೇಡಿ.

ಈ ಆಟ ನಮ್ಮದೇ ಆಟದ ತಮ್ಮನ ಹಾಗಿದೆ, ಆದರೆ ಮಾತು ಬೇರೆ. ನಮ್ಮಲ್ಲಿ ಕೆಡವಿದ ಮೇಲೆ ಎಲ್ಲರೂ ರಾಶಿಯಾಗಿ ಬಿದ್ದು ಚೆಂಡಿಗೆ ಕಿತ್ತಾಡುತ್ತೇವೆ. ಇಲ್ಲಿ ಕೆಡವಿದವನು ಬಿಟ್ಟು ಸರಿಯಬೇಕು. ಬಿದ್ದವನು ಎದ್ದು ನಿಂತು, ಚೆಂಡನ್ನು ನೆಲಕ್ಕಿಟ್ಟು, ಹಿಮ್ಮಡಿಯಿಂದ ಹಿಂದಕ್ಕೆ ತಳ್ಳಬೇಕು. ಮೊದಲ ವಾರ ನಾನು ಬಿದ್ದ ಜಾಗದಲ್ಲೇ ಯಾರಾದರೂ ಮೇಲೆ ಬಂದು ಬೀಳಲಿ ಎಂದು ಕಾಯುತ್ತಾ ಮಲಗಿದ್ದೆ. ಜನ ಬಿದ್ದು ಬಿದ್ದು ನಕ್ಕರು.

ಸಗ್ಡನ್ನಮ್ಮ ವಾರವಿಡೀ ನನಗೆ ಆಲೂಗಡ್ಡೆ ಪೈ ತಿನ್ನಿಸುತ್ತಾರೆ. ಶನಿವಾರ ಬಂದರೆ ಮೈದಾನದ ಕಟಕಟೆಗೆ ಒರಗಿ ನಿಂತು ನನಗೇ ಬೈಯುತ್ತಾರೆ. "ಏ ವೆಲ್ಷ್ ಹುಡ್ಗಾ, ಚೆಂಡು ಕಚ್ಚಲ್ಲ ಕಣೋ, ಹಿಡ್ಕೋ." ಊರೆಲ್ಲ ಕೇಳಿಸಿಕೊಳ್ಳುತ್ತದೆ. ರಾತ್ರಿ ಊಟಕ್ಕೆ ಬಡಿಸುವಾಗ ಅದನ್ನೆಲ್ಲ ಬೇರೆ ಯಾರೋ ಅಂದ ಹಾಗೆ ಇರುತ್ತಾರೆ.

ಕ್ಲೆಗ್ ಮೊನ್ನೆ ನನ್ನನ್ನು ಪಕ್ಕಕ್ಕೆ ಕರೆದ. "ಒಂದ್ ಮಾತು ಕೇಳ್ತೀನಿ, ಬೇಜಾರ್ ಮಾಡ್ಕೋಬೇಡ. ಅವತ್ತು ಆ ಮಂಜಲ್ಲಿ ಓಡಿದ್ಯಲ್ಲ, ಆ ಕಾಲನ್ನ ಎಲ್ಲಿಟ್ಟು ಬಂದೆ?" ನಾನು ಅವತ್ತು ಓಡಿದ್ದೆನೇ? ನೆನಪಿಸಿಕೊಂಡರೆ ಕೈಬಿಟ್ಟ ಚೆಂಡುಗಳೇ ಕಾಣುತ್ತವೆ. ಅಪ್ಪಾ, ನಾನು ಓಡುವವನೇ? ಇಷ್ಟು ವರ್ಷ ಗೆರೆ ಪಕ್ಕ ನಿಂತು ನೋಡಿದ್ದೀರಿ, ಒಂದು ಸಲವೂ ಹೇಳಿಲ್ಲ. ಎದುರಿನವನನ್ನು ಕೆಡವುವುದು ಮಾತ್ರ ನನಗೆ ಬರುತ್ತದೆ, ಅದು ಇಲ್ಲಿಯೂ ಬರುತ್ತಿದೆ. ಅಷ್ಟಕ್ಕೆ ಯಾರು ಸಹಿ ಹಾಕಿಸಿಕೊಳ್ಳುತ್ತಾರೆ?

ಕ್ರಿಸ್‌ಮಸ್ಸಿಗೆ ಬರುತ್ತೇನೆ.

ಇದ್ವಲ್


ಪೆಂಟ್ರೆವೆನ್
೬ ಜನವರಿ ೧೯೫೮

ಮಗಾ,

ನೀನು ಹೋದ ಮೇಲೆ ನಿಮ್ಮಮ್ಮ ಉಳಿದ ಬಾತುಕೋಳಿಯಲ್ಲಿ ಮೂರು ದಿನ ಸಾರು ಮಾಡಿದಳು.

ಹಬ್ಬದ ಮಾರನೆಯ ದಿನದ ಆಟಕ್ಕೆ ನೀನು ರಸ್ತೆಯ ಕಡೆ ಗೋಡೆಯಾಚೆ ನಿಂತಿದ್ದೆ. ನೋಡಿದೆ. ಕೈ ಎತ್ತಿದೆ ಕೂಡ, ಆದರೆ ಸಮಿತಿಯವರು ಪಕ್ಕದಲ್ಲಿದ್ದರು, ಎತ್ತಿದ ಕೈಯಲ್ಲಿ ಟೋಪಿ ಸರಿಮಾಡಿಕೊಂಡೆ. ನೀನು ನನ್ನನ್ನು ನೋಡಿದೆಯೋ ಇಲ್ಲವೋ ಎಂದು ಊಟಕ್ಕೆ ಕೂತಾಗ ಕೇಳಬೇಕೆಂದಿದ್ದೆ. ನೀನು ಕಾರ್ಖಾನೆಯ ಸುದ್ದಿ ಕೇಳಿದೆ, ನಾನೂ ಅದನ್ನೇ ಹೇಳಿದೆ.

ನೀನು ಓಡುವವನೇ ಎಂದು ಕೇಳಿದ್ದೀಯ. ಪತ್ರ ಮಡಿಸಿ ಜೇಬಿನಲ್ಲಿಟ್ಟುಕೊಂಡು ತಿಂಗಳಾಯಿತು. ನೀನು ಓಡುವವನಲ್ಲ, ಇದ್ವಲ್. ನೀನು ಗೋಡೆ. ಅದನ್ನು ಹೊಗಳಿಕೆಯಾಗಿಯೇ ಹೇಳುತ್ತಿದ್ದೇನೆ.

ಓಡುವವನು ಹೇಗಿರುತ್ತಾನೆ ಎಂದು ಈ ಶನಿವಾರ ನೋಡಿದೆ. ನಿನ್ನ ಜಾಗ ಖಾಲಿಯಿದೆ ಎಂದು ಕೇಳಿ ಪಕ್ಕದ ಕಣಿವೆಯಿಂದ ಒಬ್ಬ ಬಂದಿದ್ದಾನೆ, ಹೆವಿನ್ ರೋಸರ್ ಎಂದು. ಮಾತು ಕಡಿಮೆ. ಚೆಂಡು ಕೈಗೆ ಬಂದ ಕೂಡಲೇ ದಾರಿ ಮರೆತವನ ಹಾಗೆ ನಿಂತುಬಿಡುತ್ತಾನೆ. ಎದುರಿನವನಿಗೆ ಹಿಡಿಯಬೇಕೋ ಬೇಡವೋ ತಿಳಿಯದೆ ಅವನೂ ನಿಲ್ಲುತ್ತಾನೆ. ಅಷ್ಟರಲ್ಲಿ ಇವನು ಹೋಗಿ ಗೆರೆಯಾಚೆ ಚೆಂಡು ಒತ್ತಿ ಆಗಿರುತ್ತದೆ. ನಾನು ಹುಚ್ಚನ ಹಾಗೆ ಕೂಗಿದೆ. ನಿನ್ನ ಅಂಗಿ ಹಾಕಿಕೊಂಡವನಿಗೆ ಕೂಗುತ್ತಿದ್ದೇನಲ್ಲ ಎಂದು ಅರ್ಧದಲ್ಲಿ ನೆನಪಾಯಿತು. ಆದರೂ ಕೂಗಿದೆ. ಇವನನ್ನು ಇಟ್ಟುಕೊಂಡು ನಾವು ಈ ಸಲ ಕಣಿವೆ ಕಪ್ ಪಂದ್ಯಾವಳಿಯ ಫೈನಲ್ಲಿಗೆ ಹೋಗಬಹುದು. ನಮ್ಮ ಕ್ಲಬ್ಬು ಅದನ್ನು ನನ್ನ ಅಪ್ಪನ ಕಾಲದಿಂದ ಕಂಡಿಲ್ಲ.

ನಿನ್ನ ಅಪ್ಪ


ಬ್ರಿಗ್‌ರಾಯ್ಡ್
೨೬ ಜನವರಿ ೧೯೫೮

ಅಪ್ಪಾ,

ಈ ಕಾಗದ ಅಪ್ಪನಿಗೆ. ಕಾರ್ಯದರ್ಶಿಯವರು ಒಡೆದಿದ್ದರೆ ದಯವಿಟ್ಟು ಮುಚ್ಚಿಟ್ಟು ಹೊರಗೆ ಹೋಗಲಿ.

ನಿಮ್ಮ ಹೆವಿನ್ ರೋಸರ್ ಚೆಂಡು ಹಿಡಿದು ನಿಂತುಬಿಡುತ್ತಾನೆ ಎಂದು ಓದಿದಾಗ ನನ್ನ ಕೈಯೂ ನಿಂತಿತು. ಮಂಜಿನಲ್ಲಿ ಹಾಗೆ ನಿಂತವನನ್ನು ನಾನು ನೋಡಿದ್ದೇನೆ. ಆದರೂ ಅದೊಂದೇ ಸಾಕ್ಷಿ ಸಾಲದು ಎಂದು ಸುಮ್ಮನಿದ್ದೆ. ಮೊನ್ನೆ ಶುಕ್ರವಾರ ಕ್ಲಬ್ಬಿನ ಊಟವಿತ್ತು. ಅಧ್ಯಕ್ಷರು ನನ್ನ ಹೆಗಲ ಮೇಲೆ ಕೈ ಹಾಕಿ ಎಲ್ಲರಿಗೂ ಕಥೆ ಹೇಳಿದರು. "ನಾನ್ ಅವತ್ತು ತಡವಾಗಿ ಬಂದೆ ಕಣ್ರಯ್ಯ, ನೋಡಿದ್ದು ಎರಡನೇ ಅರ್ಧ ಮಾತ್ರ. ಬಲ ಅಂಚಲ್ಲಿ ಒಬ್ಬ ಚೆಂಡ್ ಹಿಡ್ಕೊಂಡು ದೇವ್ರ ಹಾಗೆ ನಿಂತಿದ್ದ. ಆಮೇಲೆ ನೋಡಿದ್ರೆ ಮಾಯ. ಆ ಬಲ ಅಂಚಿನವನನ್ನ ಹಿಡ್ಕೊಂಡ್ ಬನ್ನಿ ಅಂದೆ, ಹಿಡ್ಕೊಂಡ್ ಬಂದ್ರು ನೋಡಿ."

ಎರಡನೇ ಅರ್ಧದಲ್ಲಿ ನಾನು ಎಡಕ್ಕೆ ಹೋಗಿದ್ದೆ, ಅಪ್ಪಾ. ನನ್ನನ್ನು ಕರೆತಂದವನ ಪಟ್ಟಿಯಲ್ಲಿ ನಾನು ಬಲ ಅಂಚು. ಹೆಸರಿಲ್ಲದವರ ನಡುವೆ ಅವನು ನನ್ನನ್ನು ಹಿಡಿದ. ಅವರಿಗೆ ಬೇಕಾಗಿದ್ದು ಹೆವಿನ್.

ಈಗ ಏನು ಮಾಡಲಿ? ಇಲ್ಲಿ ಬಾಯಿ ಬಿಟ್ಟರೆ ನನ್ನನ್ನು ಇಟ್ಟುಕೊಳ್ಳುತ್ತಾರೋ ಇಲ್ಲವೋ ಗೊತ್ತಿಲ್ಲ. ಊರಿಗೆ ಬಂದು ಆಡೋಣವೆಂದರೆ ನೀವೇ ಕೈ ಎತ್ತಿ ಬಾಗಿಲು ಹಾಕಿದ್ದೀರಿ. ಹೆವಿನ್‌ಗೆ ಹೇಳಿದರೆ ಅವನು ಇಲ್ಲಿಗೆ ಬರುತ್ತಾನೆ, ನಿಮ್ಮ ಕಪ್ಪು ಹೋಗುತ್ತದೆ. ನಿಮಗೆ ಹೇಳಿದರೆ ನೀವು ಅವನನ್ನು ಹೊರಗೆ ಹಾಕಬೇಕಾಗುತ್ತದೆ, ಯಾಕೆಂದರೆ ಲೀಗಿನ ಪರೀಕ್ಷೆ ಆಡಿದವನೂ ನಿಮ್ಮ ನಿಯಮದಲ್ಲಿ ಹಾಳಾದವನೇ. ಹೇಳಬಾರದು ಎಂದು ನಾಲ್ಕು ಸಲ ಹರಿದುಹಾಕಿದೆ. ನಿಮ್ಮನ್ನು ಬಿಟ್ಟರೆ ಹೇಳಿಕೊಳ್ಳಲು ನನಗೆ ಯಾರೂ ಇಲ್ಲ.

ಇದ್ವಲ್


ಪೆಂಟ್ರೆವೆನ್
೩ ಫೆಬ್ರವರಿ ೧೯೫೮

ಮಗಾ,

ನಿನ್ನ ಕಾಗದವನ್ನು ಒಲೆಗೆ ಹಾಕಿದೆ. ಓದಿದವನು ಅಪ್ಪನೋ ಕಾರ್ಯದರ್ಶಿಯೋ ಎಂದು ನನಗೂ ಗೊತ್ತಾಗುತ್ತಿಲ್ಲ. ಗುರುವಾರ ಸಮಿತಿಯ ಸಭೆಯಲ್ಲಿ ಹೇಳಿಬಿಡೋಣ ಎಂದು ಎರಡು ಸಲ ಎದ್ದು ನಿಂತೆ. ಒಂದು ಸಲ ಕಿಟಕಿ ಮುಚ್ಚಿ ಬಂದೆ, ಇನ್ನೊಂದು ಸಲ ಒಲೆಗೆ ಕಲ್ಲಿದ್ದಲು ಹಾಕಿದೆ.

ಸಹಿ ಹಾಕಿದ ಮಗನನ್ನು ಹೊರಗೆ ನಿಲ್ಲಿಸಿದೆ. ಅದೇ ಮೈದಾನದಲ್ಲಿ ಅದೇ ದಿನ ಅದೇ ಆಟ ಆಡಿದ ಇನ್ನೊಬ್ಬನಿಗೆ ಪ್ರತಿ ಶನಿವಾರ ನನ್ನ ಕೈಯಾರೆ ಚಹಾ ಕೊಡುತ್ತಿದ್ದೇನೆ. ಇದರಲ್ಲಿ ನ್ಯಾಯ ಎಲ್ಲಿದೆ ಎಂದು ನಿಮ್ಮಮ್ಮನನ್ನು ಕೇಳಿದೆ. "ನಿಮ್ ಆಟದಲ್ಲಿ ಅದು ಯಾವತ್ತಿತ್ತು? ಕಾಲು ಎತ್ತಿ, ನೆಲ ಒರೆಸ್ಬೇಕು," ಅಂದಳು.

ಒಂದು ಮಾತು ಕೇಳುತ್ತೇನೆ, ಕೇಳಬಾರದ್ದು. ನಾವು ಫೈನಲ್ಲಿಗೆ ಬಂದಿದ್ದೇವೆ, ಮಾರ್ಚ್ ಇಪ್ಪತ್ತೆರಡಕ್ಕೆ. ಅಲ್ಲಿಯ ತನಕ ಯಾರಿಗೂ ಹೇಳಬೇಡ. ಆಮೇಲೆ ನಿನ್ನ ಇಷ್ಟ. ಹೀಗೆ ಕೇಳಿದ್ದಕ್ಕೆ ನನ್ನ ಬಗ್ಗೆ ಏನು ಅಂದುಕೊಳ್ಳುತ್ತೀಯೋ ಅದನ್ನು ಬರೆಯಬೇಡ.

ಅಪ್ಪ


ಬ್ರಿಗ್‌ರಾಯ್ಡ್
೨೩ ಫೆಬ್ರವರಿ ೧೯೫೮

ಅಪ್ಪಾ,

ಆಗಲಿ, ಕಾಯುತ್ತೇನೆ.

ಆದರೆ ಕ್ಲೆಗ್‌ಗೆ ಅರ್ಧ ಹೇಳಿದೆ. ಹೆಸರು ಹೇಳಲಿಲ್ಲ, ಊರು ಹೇಳಲಿಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗಲಿಲ್ಲ. ಕೆಲಸ ಹೋಯಿತು ಅಂದುಕೊಂಡೇ ಹೇಳಿದೆ. ಅವನು ಬೂಟಿನ ಕೆಸರು ಕೆರೆಯುತ್ತಾ, "ಓ, ಅದಕ್ಕೆ," ಅಂದ. ಆಮೇಲೆ, "ನೋಡು, ಅವನು ಬಂದ್ರೆ ಅವನಿಗೆ ನಿನ್ ಅಂಗಿ, ನಿನಗೆ ಎರಡನೇ ತಂಡ. ಬರ್ದೇ ಹೋದ್ರೆ ಶನಿವಾರ ನೀನೇ. ಇದ್ರಲ್ಲಿ ಅಳೋಕೇನಿದೆ? ಯಾರವನು, ಹೇಳು." ನಾನು ಹೇಳಲಿಲ್ಲ. ಈಗ ದಿನಾ ಕೇಳುತ್ತಾನೆ. ಸಗ್ಡನ್ನಮ್ಮನಿಗೂ ಅದು ಹೇಗೋ ತಲುಪಿದೆ. "ಬಾಯ್ ಮುಚ್ಕೊಂಡು ಪೈ ತಿನ್ನು. ಬಂದೋರಿಗೆಲ್ಲ ತಟ್ಟೆ ಬಿಟ್ಕೊಟ್ರೆ ನೀನೇನ್ ತಿಂತೀಯ?" ಅನ್ನುತ್ತಾರೆ. ಅವರು ಹೇಳುವುದೂ ಸರಿ ಅನ್ನಿಸುತ್ತದೆ. ಕ್ಲೆಗ್ ಹೇಳುವುದೂ ಸರಿ ಅನ್ನಿಸುತ್ತದೆ. ನನಗೆ ಮೊದಲ ತಂಡದಲ್ಲೇ ಇರಬೇಕು ಅನ್ನಿಸುತ್ತದೆ, ಅದನ್ನು ಮುಚ್ಚಿಡುವುದಿಲ್ಲ.

ಆದರೆ ಅಪ್ಪಾ, ಅವನು ಪ್ರತಿ ಶನಿವಾರ ತಾನು ಬೇಡವಾದವನು ಅಂದುಕೊಂಡು ಓಡುತ್ತಿದ್ದಾನೆ. ಒದ್ದೆ ಕೂದಲಲ್ಲಿ ಚೀಲ ಎತ್ತಿಕೊಂಡು ಹೋದದ್ದು ಕಣ್ಣಿಂದ ಹೋಗುವುದಿಲ್ಲ. ನಿಮ್ಮ ಫೈನಲ್ಲಿನಲ್ಲಿ ಯಾರಾದರೂ ಅವನ ಮೊಣಕಾಲು ಮುರಿದರೆ ಅವನಿಗೆ ಯಾವತ್ತೂ ಗೊತ್ತೇ ಆಗುವುದಿಲ್ಲ. ಆಟ ಮುಗಿದ ಮಾರನೆಯ ದಿನ ನಾನೇ ಅವನಿಗೆ ಬರೆಯುತ್ತೇನೆ. ಅವನ ವಿಳಾಸ ಕಳಿಸಿ.

ಇದ್ವಲ್


ಪೆಂಟ್ರೆವೆನ್
೩೦ ಮಾರ್ಚ್ ೧೯೫೮

ಮಗಾ,

ವಿಳಾಸ ಕಳಿಸಲಿಲ್ಲ. ಯಾಕೆಂದು ಈಗಾಗಲೇ ನಿನಗೆ ಗೊತ್ತಾಗಿರುತ್ತದೆ, ಅವನು ನಿನ್ನ ಪಕ್ಕದ ಗೂಟಕ್ಕೇ ಕೋಟು ನೇತುಹಾಕುತ್ತಿರಬೇಕು. ಇಲ್ಲಿ ನಡೆದದ್ದನ್ನು ಅವನು ಪೂರ್ತಿ ಹೇಳಿರಲಾರ. ಮಾತು ಕಡಿಮೆ ಅಂದೆನಲ್ಲ.

ಫೈನಲ್ಲಿಗೆ ಎರಡು ದಿನ ಮುಂಚೆ ನಾನು ಶೆಡ್ಡಿನಲ್ಲಿ ಮೈದಾನದ ಗೆರೆಗೆ ಸುಣ್ಣ ಕಲಸುತ್ತಿದ್ದೆ. ಅವನು ತಾನಾಗಿ ಬಂದು ಬಕೆಟ್ಟು ಹಿಡಿದುಕೊಂಡ. ಹೇಳುವ ಯೋಚನೆ ನನಗೆ ಇರಲೇ ಇಲ್ಲ. ಶನಿವಾರದ ತನಕ ಬಾಯಿ ಕಟ್ಟಿಕೊಂಡಿರು ಎಂದು ನಿನಗೆ ಬರೆದವನು ನಾನೇ ಅಲ್ಲವೇ? ಆದರೆ ಅವನ ಮೊಣಕಾಲು ನನ್ನ ಕಣ್ಣೆದುರಿಗೇ ಇತ್ತು. "ಅಕ್ಟೋಬರಲ್ಲಿ ಬ್ರಿಗ್‌ರಾಯ್ಡಿಗೆ ಹೋಗಿದ್ಯಾ?" ಅಂತ ಕೇಳಿಬಿಟ್ಟೆ.

ಅವನ ಮುಖ ಸುಣ್ಣವಾಯಿತು. ಕಾರ್ಯದರ್ಶಿ ತನ್ನನ್ನು ಹಿಡಿದ ಅಂದುಕೊಂಡ. "ಒಂದೇ ಒಂದಾಟ, ಹ್ಯಾರಿಸ್ರೇ. ಅವ್ರಿಗೂ ನಾನು ಬೇಡ್ವಾದೆ. ಇಲ್ಲಿಂದ್ಲೂ ಕಳಿಸ್ಬೇಡಿ."

"ಬೇಡ್ವಾಗ್ಲಿಲ್ಲ ಕಣಪ್ಪ. ಅವ್ರು ಕರ್ದಿದ್ದು ನಿನ್ನನ್ನೇ. ಹೋದೋನು ನನ್ನ ಮಗ," ಅಂದೆ.

ಅರ್ಥವಾಗಲು ಹೊತ್ತು ಹಿಡಿಯಿತು. ನನಗೂ ಸರಿಯಾಗಿ ಹೇಳಲು ಬರಲಿಲ್ಲ, ಎಡ ಬಲ ಎಲ್ಲ ಹಿಂದುಮುಂದಾಯಿತು. ಕೊನೆಗೆ ಅವನು ಕೇಳಿದ್ದು ಒಂದೇ. "ಹಾಗಾದ್ರೆ ನಾನು ಚೆನ್ನಾಗಾಡಿದ್ನಾ?" ಹೌದು ಅಂದೆ. ಮತ್ತೆ ಕೇಳಿದ. ಮತ್ತೆ ಹೌದು ಅಂದೆ. ಇಪ್ಪತ್ತೆರಡು ವರ್ಷದ ಗಂಡಸು ಸುಣ್ಣದ ಕೈಯಲ್ಲೇ ಕಣ್ಣು ಒರೆಸಿಕೊಂಡ.

ಶನಿವಾರ ಆಡಿ ಹೋಗುತ್ತೇನೆ ಅಂದ. ಒಳ್ಳೆಯ ಹುಡುಗ. ನಾನು ಬೇಡವೆಂದೆ. ಶುಕ್ರವಾರ ಬೆಳಿಗ್ಗೆ ನಾನೇ ಅವನ ಚೀಲ ಹಿಡಿದುಕೊಂಡು ಹೋಗಿ ರೈಲು ಹತ್ತಿಸಿದೆ. ನಮ್ಮೂರ ಸ್ಟೇಷನ್ನಿನಲ್ಲಿ ಯಾರೂ ನೋಡದ ಹಾಗೆ ರೈಲು ಹತ್ತಲು ಆಗುತ್ತದೆಯೇ?

ಶನಿವಾರ ಸೋತೆವು. ಬಲ ಅಂಚಿನಲ್ಲಿ ಬೇಕರಿಯ ಹುಡುಗನನ್ನು ನಿಲ್ಲಿಸಿದ್ದೆವು. ಪಾಪ, ಅವನದೇನೂ ತಪ್ಪಿಲ್ಲ. ಸೋಮವಾರ ಸಮಿತಿ ಸೇರಿತು. ಈ ಸಲ ನಾನು ಎದ್ದು ನಿಂತೆ, ಕಿಟಕಿಯ ಕಡೆ ಹೋಗಲಿಲ್ಲ. ಹೇಳಿದೆ. ಲೀಗಿಗೆ ಆಟಗಾರನನ್ನು ಕಳಿಸಿದವನೂ ನಿಯಮದ ಪ್ರಕಾರ ಹೊರಗೇ. ಮತ್ತೆ ಎಲ್ಲರ ಕೈ ಎದ್ದವು. ನನ್ನ ಜಾಗಕ್ಕೆ ಬಂದ ಹೊಸಬನಿಗೆ ಅಂಥ ಪತ್ರ ಬರೆದು ಅಭ್ಯಾಸವಿಲ್ಲ. ಸಭೆ ಮುಗಿದ ಮೇಲೆ ಮೆಲ್ಲಗೆ ಬಂದು, "ಗೊರೊನ್ವಿ, ಶುರು ಹೇಗ್ ಮಾಡೋದು?" ಎಂದು ಕೇಳಿದ. ಕೂತು ಹೇಳಿಕೊಟ್ಟೆ. ಮಾರನೆಯ ದಿನ ಅಂಚೆಯಲ್ಲಿ ಬಂತು.

ಮಾಡಿದ್ದು ಸರಿಯೋ ತಪ್ಪೋ ತಿಳಿಯದು. ಊರಿನ ಕಪ್ಪು ಹೋಯಿತು, ನನ್ನ ಕ್ಲಬ್ಬು ಹೋಯಿತು, ನಿನ್ನ ಅಂಗಿಯನ್ನೂ ನನ್ನ ಕೈಯಾರೆ ಇನ್ನೊಬ್ಬನಿಗೆ ಕೊಟ್ಟೆ. ನಿನ್ನೆ ಶನಿವಾರ ಮಧ್ಯಾಹ್ನ ಬೂಟು ಹಾಕಿಕೊಂಡು ಬಾಗಿಲ ತನಕ ಹೋಗಿ ನಿಂತೆ. "ಎಲ್ಲಿಗೆ?" ಅಂದಳು ನಿಮ್ಮಮ್ಮ. ಬೂಟಿನ ದಾರ ಬಿಚ್ಚಿದೆ. ಅವಳೇ ಹೋಗಿ ರೈಲಿನ ವೇಳೆ ಕೇಳಿಕೊಂಡು ಬಂದಳು.

ಬರುವ ಶನಿವಾರ ಇಬ್ಬರೂ ಬರುತ್ತೇವೆ. ಮೊದಲು ಎರಡನೇ ತಂಡದ ಆಟ, ಆಮೇಲೆ ದೊಡ್ಡ ಆಟ ಎಂದು ಹೆವಿನ್ ಒಂದು ಸಾಲು ಬರೆದಿದ್ದಾನೆ. ತನ್ನ ಆಟಕ್ಕೆ ಒಳ್ಳೆಯ ಜಾಗ ಹಿಡಿದಿಡುತ್ತೇನೆ ಅಂದಿದ್ದಾನೆ, ಪಾಪ. ಅವನಿಗೆ ಹೇಳು, ಅದು ಶುರುವಾಗುವ ಹೊತ್ತಿಗೆ ನಮಗೆ ವಾಪಸ್ಸು ರೈಲಿದೆ. ನಾವು ನಿನ್ನ ಆಟ ನೋಡಲು ಬರುತ್ತಿದ್ದೇವೆ.

ನಿನ್ನ
ಅಪ್ಪ